ನಲವತ್ತು ಗಂಟೆಯ ಕೆಲಸ, ಹದಿನಾಲ್ಕು ಗಂಟೆಯ ರಾತ್ರಿ: ಕ್ಲಸ್ಟರ್ ವ್ಯವಸ್ಥೆಯೊಂದನ್ನು ಆರಿಸಿಕೊಂಡ ಅನುಭವ

2004ರ ಜೂನ್ ತಿಂಗಳಲ್ಲಿ ನಾನು ಮಲೆನಾಡಿನ ಅಂಚಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್‌ಗಳ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಮಳೆ ಹಿಡಿದ ಒಂದು ಮಧ್ಯಾಹ್ನ ಸಿವಿಲ್ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಲ್ಯಾಬಿಗೆ ಬಂದು, "ಸರ್, ನನ್ನ ಪ್ರೋಗ್ರಾಮ್ ಮುಗಿಯೋದಕ್ಕೆ ಒಂದು ತಿಂಗಳು ಬೇಕಂತೆ, ಏನಾದ್ರೂ ಮಾಡೋಕಾಗುತ್ತಾ?" ಎಂದು ಕೇಳಿದರು. ತುಂಗಾ ನದಿಯ ಮೇಲ್ಭಾಗದಲ್ಲಿ ಬಿದ್ದ ಮಳೆ ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ಹೊಳೆಯ ನೀರಾಗಿ ಕೆಳಗೆ ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕುವ ಮಾದರಿಯ ಮೇಲೆ ಅವರು ಕೆಲಸ ಮಾಡುತ್ತಿದ್ದರು. ಫೋರ್ಟ್ರಾನ್ 77 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಆ ಪ್ರೋಗ್ರಾಮನ್ನು ಬೇರೆ ಬೇರೆ ಮೌಲ್ಯಗಳನ್ನು ಕೊಟ್ಟು 4,000 ಬಾರಿ ಓಡಿಸಬೇಕಿತ್ತು. ಒಂದು ಓಟಕ್ಕೆ 11 ನಿಮಿಷ. ಗುಣಿಸಿದರೆ 44,000 ನಿಮಿಷ, ಅಂದರೆ ಒಂದೇ ಯಂತ್ರದ ಮೇಲೆ ಮೂವತ್ತು ದಿನ ಮತ್ತು ಅರ್ಧ.

ನಮ್ಮ ಎರಡು ಲ್ಯಾಬ್‌ಗಳಲ್ಲಿ ಆಗ 24 ಪೆಂಟಿಯಂ 4 ಯಂತ್ರಗಳಿದ್ದವು. ಒಂದೊಂದರಲ್ಲೂ 256 ಎಂಬಿ ಮೆಮೊರಿ, ರೆಡ್ ಹ್ಯಾಟ್ ಲಿನಕ್ಸ್ 9 ಮತ್ತು ಅದರ ಪಕ್ಕದಲ್ಲೇ ವಿಂಡೋಸ್. ಮೂಲೆಯಲ್ಲಿ ಸೊಲಾರಿಸ್ 8 ಇದ್ದ ನಾಲ್ಕು ಹಳೆಯ ಸನ್ ಅಲ್ಟ್ರಾ 5 ವರ್ಕ್‌ಸ್ಟೇಷನ್‌ಗಳೂ ಇದ್ದವು. ಎಲ್ಲವೂ 100 ಎಂಬಿಪಿಎಸ್ ವೇಗದ ನೆಟ್‌ವರ್ಕ್ ಸ್ವಿಚ್‌ಗೆ ಜೋಡಣೆಯಾಗಿದ್ದವು. ಹಗಲೆಲ್ಲ ವಿದ್ಯಾರ್ಥಿಗಳು ಸಿ ಪ್ರೋಗ್ರಾಮ್ ಬರೆಯುತ್ತಿದ್ದ ಈ ಯಂತ್ರಗಳು ಸಂಜೆ ಆರರಿಂದ ಬೆಳಗಿನ ಎಂಟರವರೆಗೆ, ಹದಿನಾಲ್ಕು ಗಂಟೆ, ಸುಮ್ಮನೆ ಇರುತ್ತಿದ್ದವು. 24 ಯಂತ್ರಗಳ ಹದಿನಾಲ್ಕು ಗಂಟೆ ಎಂದರೆ ಒಂದು ರಾತ್ರಿಗೆ 336 ಗಂಟೆಗಳ ದುಡಿಮೆ. ಆ ವಿದ್ಯಾರ್ಥಿನಿಯ ಒಂದು ತಿಂಗಳ ಕೆಲಸ ಮೂರು ರಾತ್ರಿಗಳಲ್ಲಿ ಮುಗಿಯಬಹುದು ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿತ್ತು. ಈ ಯಂತ್ರಗಳನ್ನು ಒಂದೇ ನೊಗಕ್ಕೆ ಕಟ್ಟಿ ಕ್ಲಸ್ಟರ್ ಮಾಡುವ ವ್ಯವಸ್ಥೆ ಯಾವುದು ಎಂಬ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ.

ಹೊಸದಾಗಿ ಕೊಳ್ಳುವ ಮಾತು ಬೇಗನೆ ಮುಗಿಯಿತು. ಒಬ್ಬ ಮಾರಾಟಗಾರರು ಎಂಟು ಯಂತ್ರಗಳ ಪ್ರತ್ಯೇಕ ಕ್ಲಸ್ಟರ್‌ಗೆ ಕೊಟೇಷನ್ ತಂದುಕೊಟ್ಟರು. ಅದರಲ್ಲಿದ್ದ ಮೊತ್ತ ನಮ್ಮ ವಿಭಾಗದ ವರ್ಷದ ಅನುದಾನಕ್ಕಿಂತ ಹೆಚ್ಚಿತ್ತು. ಇರುವುದರಲ್ಲೇ ಮಾಡಬೇಕೆಂದು ನಿರ್ಧರಿಸಿದಾಗ ನನಗೆ ಧೈರ್ಯ ಕೊಟ್ಟದ್ದು ಈ ದಾರಿಯಲ್ಲಿ ಮೊದಲೇ ನಡೆದವರ ನೆನಪು. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ 486 ಪ್ರೊಸೆಸರ್‌ಗಳ 16 ಯಂತ್ರಗಳನ್ನು ಸಾಮಾನ್ಯ ಈಥರ್ನೆಟ್‌ನಲ್ಲಿ ಜೋಡಿಸಿ, ಲಿನಕ್ಸ್ ಹಾಕಿ, ಬೇವುಲ್ಫ್ ಎಂಬ ಕ್ಲಸ್ಟರ್ ಕಟ್ಟಿದ್ದರು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಅದಕ್ಕೂ ಮೊದಲೇ, 1986ರಲ್ಲೇ, ಹಲವು ಪ್ರೊಸೆಸರ್‌ಗಳು ಒಟ್ಟಿಗೆ ದುಡಿಯುವ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ಕೆಲಸ ಮಾಡುತ್ತಿತ್ತು. ನಮ್ಮ 24 ಯಂತ್ರಗಳಲ್ಲಿ ಪ್ರತಿಯೊಂದೂ ಬೇವುಲ್ಫ್‌ನ ಆ ಮೊದಲ ಯಂತ್ರಗಳಿಗಿಂತ ಎಷ್ಟೋ ಪಟ್ಟು ಶಕ್ತವಾಗಿತ್ತು.

ಮೊದಲು ಕೈಗೆತ್ತಿಕೊಂಡದ್ದು ಪಿವಿಎಂ (ಪ್ಯಾರಲಲ್ ವರ್ಚುವಲ್ ಮೆಷೀನ್). ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1989ರಲ್ಲಿ ಆರಂಭವಾದ ಇದು ಜಾಲದಲ್ಲಿರುವ ಬೇರೆ ಬೇರೆ ಜಾತಿಯ ಯೂನಿಕ್ಸ್ (ಲಿನಕ್ಸ್, ಸೊಲಾರಿಸ್‌ಗಳು ಸೇರುವ ಬಳಗ) ಯಂತ್ರಗಳನ್ನೆಲ್ಲ ಸೇರಿಸಿ ಒಂದೇ ಯಂತ್ರದಂತೆ ತೋರಿಸುತ್ತದೆ. ಇಂಟೆಲ್ ಮತ್ತು ಸನ್ ಯಂತ್ರಗಳು ಸಂಖ್ಯೆಗಳ ಬೈಟ್‌ಗಳನ್ನು ಒಂದಕ್ಕೊಂದು ತಿರುವುಮುರುವಾದ ಕ್ರಮದಲ್ಲಿ ಇಟ್ಟುಕೊಳ್ಳುತ್ತವೆ. ಪಿವಿಎಂ ಕಳುಹಿಸುವಾಗ ಅದನ್ನು ಒಂದು ಸಾಮಾನ್ಯ ರೂಪಕ್ಕೆ ತಂದು, ಆ ಕಡೆ ಮತ್ತೆ ಬಿಡಿಸಿ ಕೊಡುತ್ತದೆ. ಮೂಲೆಯಲ್ಲಿದ್ದ ನಾಲ್ಕು ಸನ್ ಯಂತ್ರಗಳನ್ನು ಬಿಡಲು ಮನಸ್ಸಿಲ್ಲದ ನನಗೆ ಇದು ದೊಡ್ಡ ಆಕರ್ಷಣೆಯಾಗಿತ್ತು. ಪರೀಕ್ಷೆಗೆಂದು ನಾಲ್ಕು ಲಿನಕ್ಸ್ ಯಂತ್ರಗಳಲ್ಲಿ ಹಾಕಿದೆ. ಯಂತ್ರವನ್ನು ಸೇರಿಸಲು ಹೊರಟರೆ ಕಾದು ಕಾದು ಸೋಲುತ್ತಿತ್ತು. ಎರಡು ಸಂಜೆ ಕಳೆದ ಮೇಲೆ ಕಾರಣ ಸಿಕ್ಕಿತು: ರೆಡ್ ಹ್ಯಾಟ್ ಅನುಸ್ಥಾಪನೆಯಾಗುವಾಗಲೇ ಯಂತ್ರಗಳ ಹೆಸರು-ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲಿನ ಮೊದಲ ಸಾಲಿನಲ್ಲಿ 127.0.0.1 ಎಂಬ ವಿಳಾಸದ ಎದುರು ಆ ಯಂತ್ರದ ಹೆಸರನ್ನೂ ಬರೆದುಬಿಟ್ಟಿತ್ತು. 127.0.0.1 ಎಂದರೆ ಪ್ರತಿ ಯಂತ್ರಕ್ಕೂ 'ನಾನೇ' ಎಂದು ಅರ್ಥ. ಆದ್ದರಿಂದ ಒಂದು ಯಂತ್ರ ತನ್ನ ವಿಳಾಸವನ್ನು ಇನ್ನೊಂದಕ್ಕೆ ಹೇಳಿದಾಗ, ಉತ್ತರ ಕೊಡಬೇಕಾದ ಯಂತ್ರ ಆ ಉತ್ತರವನ್ನು ತನಗೇ ಕಳುಹಿಸಿಕೊಳ್ಳುತ್ತಿತ್ತು. ನಾಲ್ಕೂ ಯಂತ್ರಗಳಲ್ಲಿ ಆ ಹೆಸರನ್ನು ತೆಗೆದು, ನಿಜವಾದ ವಿಳಾಸದ ಎದುರು ಬರೆದ ಕೂಡಲೇ ನಾಲ್ಕೂ ಕೈಹಿಡಿದವು.

ಆದರೆ ಪಿವಿಎಂ ತಾನಾಗಿ ಯಾವ ಪ್ರೋಗ್ರಾಮನ್ನೂ ಹಂಚುವುದಿಲ್ಲ. ಅದರ ಕರೆಗಳನ್ನು ಬಳಸಿ ಪ್ರೋಗ್ರಾಮನ್ನೇ ಹೊಸದಾಗಿ ಬರೆಯಬೇಕು. ಯಂತ್ರಗಳು ಪರಸ್ಪರ ಸಂದೇಶ ಕಳುಹಿಸಿಕೊಳ್ಳಲೆಂದು 1994ರಲ್ಲಿ ಮಾನಕವಾಗಿ ಬಂದ ಎಂಪಿಐ ಕೂಡ ಇದೇ ರೀತಿ. ಕುತೂಹಲದಿಂದ ಆರ್ಗಾನ್ ಪ್ರಯೋಗಾಲಯದ ಎಂಪಿಐಸಿಎಚ್ ಎಂಬ ಎಂಪಿಐ ತಂತ್ರಾಂಶ ಹಾಕಿ, ಮ್ಯಾಟ್ರಿಕ್ಸ್ ಗುಣಾಕಾರದ ಪ್ರೋಗ್ರಾಮೊಂದನ್ನು ಎಂಟು ಯಂತ್ರಗಳಲ್ಲಿ ಓಡಿಸಿ ನೋಡಿದೆ. ವೇಗ ಮೂರು ಪಟ್ಟಷ್ಟೇ ಹೆಚ್ಚಿತು, ಉಳಿದ ಹೊತ್ತೆಲ್ಲ ನಮ್ಮ ಸ್ವಿಚ್‌ನ ಮೂಲಕ ಸಂಖ್ಯೆಗಳು ಓಡಾಡುವುದರಲ್ಲೇ ಹೋಯಿತು. ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇತ್ತು. ಸಿವಿಲ್ ವಿಭಾಗದ ಆ 4,000 ಓಟಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಮಾತುಕತೆಯ ಅಗತ್ಯವೇ ಇರಲಿಲ್ಲ. ಗದ್ದೆಯಲ್ಲಿ ಸಾಲಾಗಿ ನಿಂತು ನಾಟಿ ಮಾಡುವವರಂತೆ ಪ್ರತಿಯೊಂದಕ್ಕೂ ತನ್ನ ಸಾಲು ಸಾಕು. ಮಾತನಾಡದ ಕೆಲಸಗಳಿಗೆ ಮಾತನಾಡಿಸುವ ವ್ಯವಸ್ಥೆಯನ್ನು ಹಾಕಹೊರಟಿದ್ದೆನೆಂದು ತಿಳಿದದ್ದು ಹಾಗೆ. ಇನ್ನೂ ಒಂದು ಅಪಾಯ ಕಂಡಿತ್ತು: ಎಂಪಿಐ ಪ್ರೋಗ್ರಾಮಿನಲ್ಲಿ ಎಂಟರಲ್ಲಿ ಒಂದು ಯಂತ್ರ ಆರಿಹೋದರೆ ಎಂಟೂ ಯಂತ್ರಗಳ ಕೆಲಸ ಬಿದ್ದುಹೋಗುತ್ತದೆ. ನಮ್ಮ ಊರಿನ ಮಳೆಗಾಲದ ಕರೆಂಟನ್ನು ಬಲ್ಲ ನನಗೆ ಅದು ಸಣ್ಣ ಮಾತಾಗಿರಲಿಲ್ಲ.

ಮೂರನೆಯದಾಗಿ ಓಪನ್‌ಮೋಸಿಕ್ಸ್ ಹಾಕಿದೆ. ಈ ಇಡೀ ಹುಡುಕಾಟದಲ್ಲಿ ನನ್ನ ಮನಸ್ಸನ್ನು ಅತಿ ಹೆಚ್ಚು ಸೆಳೆದದ್ದು ಇದೇ ಎಂದು ಒಪ್ಪಿಕೊಳ್ಳಬೇಕು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಅಮ್ನೋನ್ ಬರಾಕ್ ಅವರ ನೇತೃತ್ವದಲ್ಲಿ ಬೆಳೆದ ಮೋಸಿಕ್ಸ್‌ನಿಂದ ಕವಲೊಡೆದು, 2002ರಲ್ಲಿ ಮೋಶೆ ಬಾರ್ ಆರಂಭಿಸಿದ ಮುಕ್ತ ತಂತ್ರಾಂಶ ಇದು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಬದಲಾವಣೆ ಮಾಡಿ, ಪ್ರೋಸೆಸನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುತ್ತಿತ್ತು. ಪ್ರೋಗ್ರಾಮಿನ ಒಂದು ಅಕ್ಷರವನ್ನೂ ತಿದ್ದಬೇಕಾಗಿರಲಿಲ್ಲ. ಒಂದು ಭಾನುವಾರ ಆರು ಯಂತ್ರಗಳಿಗೆ ಈ ಕರ್ನಲ್ ಹಾಕಿ, ಮೊದಲ ಯಂತ್ರದಲ್ಲೇ ಹನ್ನೆರಡು ಓಟಗಳನ್ನು ಒಟ್ಟಿಗೆ ಬಿಟ್ಟು, ಅದರ ಮೋಸ್‌ಮಾನ್ ಎಂಬ ಪರದೆಯ ಮುಂದೆ ಕುಳಿತೆ. ಮೊದಲಿಗೆ ಒಂದೇ ಯಂತ್ರದ ಕಂಬ ಎತ್ತರಕ್ಕೆ ಏರಿತ್ತು, ಉಳಿದ ಐದು ನೆಲದಲ್ಲಿದ್ದವು. ಕೆಲವು ಕ್ಷಣಗಳಲ್ಲಿ ಎರಡನೆಯದು ಚಿಗುರಿತು, ಆಮೇಲೆ ನಾಲ್ಕನೆಯದು, ಆಮೇಲೆ ಎಲ್ಲವೂ. ಒಂದು ನಿಮಿಷ ಕಳೆಯುವುದರೊಳಗೆ ಆರೂ ಕಂಬಗಳು ಒಂದೇ ಮಟ್ಟಕ್ಕೆ ಬಂದು ನಿಂತವು. ಯಾರೂ ಹೇಳದೆ, ಯಾರೂ ಹಂಚದೆ ಕೆಲಸ ತನ್ನಷ್ಟಕ್ಕೆ ಹರಡಿಕೊಂಡಿತ್ತು. ಲ್ಯಾಬಿನ ಅಟೆಂಡರ್ ಅಣ್ಣನನ್ನು ಕರೆದು ತೋರಿಸಿದೆ. "ನೀರು ಮಟ್ಟ ಹುಡ್ಕಂಡ್ ಹೋದಂಗೆ ಐತಲ್ಲ ಸಾರ್" ಎಂದರು ಅವರು. ಅದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಇಂದಿಗೂ ಕೇಳಿಲ್ಲ.

ಆದರೂ ಅದನ್ನು ಕೈಬಿಡಬೇಕಾಯಿತು. ಸಾಗಿಹೋದ ಪ್ರೋಸೆಸ್‌ನ ಬೇರು ಅದು ಶುರುವಾದ ತವರು ಯಂತ್ರದಲ್ಲೇ ಉಳಿಯುತ್ತಿತ್ತು. ಅದು ಫೈಲು ಓದಬೇಕಾದಾಗೆಲ್ಲ ಆ ಬೇಡಿಕೆ ಜಾಲದ ಮೂಲಕ ತವರಿಗೆ ಬಂದು, ಉತ್ತರ ಮತ್ತೆ ಅಲ್ಲಿಗೆ ಹೋಗಬೇಕಿತ್ತು. ನಮ್ಮ ಮಳೆ-ಹೊಳೆ ಪ್ರೋಗ್ರಾಮ್ ಪ್ರತಿ ಹಂತದಲ್ಲೂ ಮಳೆಯ ದಾಖಲೆಯ ಫೈಲನ್ನು ತೆರೆದು ಓದಿ ಮುಚ್ಚುತ್ತಿತ್ತು. ಆರು ಯಂತ್ರಗಳಲ್ಲೇ ತವರು ಯಂತ್ರ ಏದುಸಿರು ಬಿಡುತ್ತಿತ್ತು, 24 ಆದಾಗ ಏನಾಗಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ಸನ್ ಯಂತ್ರಗಳಿಗೆ ಇದರಲ್ಲಿ ಜಾಗವೇ ಇರಲಿಲ್ಲ. ಅದಕ್ಕಿಂತಲೂ ನನ್ನನ್ನು ಚಿಂತೆಗೆ ಹಚ್ಚಿದ್ದು, ಇದು ಎಲ್ಲ ಯಂತ್ರಗಳೂ ಒಬ್ಬರ ಕೈಯಲ್ಲೇ ಇವೆ, ಸದಾ ಇರುತ್ತವೆ ಎಂದು ನಂಬಿ ಕಟ್ಟಿದ ವ್ಯವಸ್ಥೆ ಎಂಬುದು. ನಮ್ಮ ಲ್ಯಾಬಿನಲ್ಲಿ ಬೆಳಿಗ್ಗೆ ಬಂದ ವಿದ್ಯಾರ್ಥಿ ಮೊದಲು ಮಾಡುವ ಕೆಲಸ ರೀಸೆಟ್ ಗುಂಡಿ ಒತ್ತಿ ವಿಂಡೋಸ್‌ಗೆ ಹೋಗುವುದು. ಹಾಗೆ ಒತ್ತಿದ ಕ್ಷಣ ಆ ಯಂತ್ರಕ್ಕೆ ಅತಿಥಿಯಾಗಿ ಬಂದಿದ್ದ ಪ್ರೋಸೆಸ್ ಸತ್ತಂತೆಯೇ. ಮುಂದೆ 2008ರ ಮಾರ್ಚ್‌ನಲ್ಲಿ ಓಪನ್‌ಮೋಸಿಕ್ಸ್ ಯೋಜನೆಯೇ ಮುಗಿದುಹೋಯಿತು. ಆ ಸುದ್ದಿ ಓದಿದ ದಿನ ನನ್ನ ಕಣ್ಣಮುಂದೆ ಬಂದದ್ದು ಸಮನಾಗಿ ನಿಂತ ಆ ಆರು ಕಂಬಗಳು.

ಈ ಹೊತ್ತಿಗೆ ಜುಲೈ ಮುಗಿಯುತ್ತಿತ್ತು. ಎಷ್ಟು ವೇಗ, ಎಷ್ಟು ಯಂತ್ರ, ಎಷ್ಟು ಜಾತಿಯ ಯೂನಿಕ್ಸ್ ಎಂಬುದರ ಮೇಲೆಯೇ ಅಲ್ಲಿಯವರೆಗೂ ನನ್ನ ಕಣ್ಣಿತ್ತು. ಈ ಯಂತ್ರ ಯಾರದು ಎಂದು ಕೇಳಿಕೊಂಡಿರಲಿಲ್ಲ. ಹಗಲು ಇವು ವಿದ್ಯಾರ್ಥಿಗಳವು. ನಾವು ರಾತ್ರಿಯ ಬಾಡಿಗೆದಾರರು. ನಮ್ಮ ವಿಭಾಗದ ಮುಖ್ಯಸ್ಥರೂ ಅದನ್ನೇ ಹೇಳಿದರು: "ನೀವು ರಾತ್ರಿ ಏನು ಬೇಕಾದ್ರೂ ಓಡಿಸಿ, ಆದ್ರೆ ಬೆಳಿಗ್ಗೆ ಬಂದ ಹುಡುಗ್ರಿಗೆ ಯಂತ್ರ ನಿಧಾನ ಅನ್ನಿಸಬಾರ್ದು." ಅದೇ ವಾರ ಸಂಶೋಧನಾ ವಿದ್ಯಾರ್ಥಿನಿ ಇನ್ನೊಂದು ವಿಷಯವನ್ನು ಮುಂದಿಟ್ಟರು. 4,000 ಸಣ್ಣ ಓಟಗಳ ನಂತರ ಆರು ದೊಡ್ಡ ಓಟಗಳಿವೆ; ಮಾದರಿಯ ಮೌಲ್ಯಗಳನ್ನು ನಿಜವಾದ ಹೊಳೆಯ ಹರಿವಿಗೆ ಹೊಂದಿಸುವ ಲೆಕ್ಕ ಅದು, ಒಂದೊಂದಕ್ಕೂ ಸುಮಾರು 40 ಗಂಟೆ ಬೇಕು. ಈ ಮಾತು ಕೇಳಿದ ಮೇಲೆ ಆಯ್ಕೆಯ ದಿಕ್ಕೇ ಬದಲಾಯಿತು. ಹನ್ನೊಂದು ನಿಮಿಷದ ಓಟ ಅರ್ಧಕ್ಕೆ ನಿಂತರೆ ನಷ್ಟ ಹನ್ನೊಂದು ನಿಮಿಷ, ಮತ್ತೆ ಓಡಿಸಿದರಾಯಿತು. ಆದರೆ ರಾತ್ರಿಗೆ ಇರುವುದೇ ಹದಿನಾಲ್ಕು ಗಂಟೆ. ಬೆಳಿಗ್ಗೆ ಎಂಟಕ್ಕೆ ಎದ್ದುಹೋಗಬೇಕಾದ 40 ಗಂಟೆಯ ಕೆಲಸ ಪ್ರತಿ ಸಂಜೆ ಮೊದಲಿನಿಂದ ಶುರುವಾದರೆ ಎಷ್ಟು ವರ್ಷ ಕಳೆದರೂ ಮುಗಿಯುವುದಿಲ್ಲ. ಕೆಲಸವನ್ನು ಇದ್ದಲ್ಲೇ ಹೆಪ್ಪುಗಟ್ಟಿಸಿ ಎತ್ತಿಟ್ಟು, ಮರುದಿನ ಸಂಜೆ ಯಾವುದೋ ಬೇರೆ ಯಂತ್ರದಲ್ಲಿ ಅಲ್ಲಿಂದಲೇ ಮುಂದುವರಿಸುವ ಶಕ್ತಿ ನಮಗೆ ಬೇಕಿತ್ತು.

ಉಳಿದದ್ದು ಎರಡು. ಸನ್ ಕಂಪನಿ 2000ದಲ್ಲಿ ಕೊಂಡು, ಮರುವರ್ಷ ಮೂಲ ಸಂಕೇತವನ್ನು ಮುಕ್ತಗೊಳಿಸಿದ ಗ್ರಿಡ್ ಎಂಜಿನ್ ಒಂದು. ಅದು ಅಚ್ಚುಕಟ್ಟಾದ ವ್ಯವಸ್ಥೆ: ಸರದಿಗಳಿವೆ, ಒಂದೇ ಆಜ್ಞೆಯಲ್ಲಿ 4,000 ಕೆಲಸಗಳ ಸಾಲನ್ನು ಕೊಡಬಹುದು, ಯಾವ ಸರದಿ ಯಾವ ಹೊತ್ತಿನಲ್ಲಿ ತೆರೆದಿರಬೇಕೆಂದು ಕ್ಯಾಲೆಂಡರ್ ಬರೆದಿಡಬಹುದು. ನಮ್ಮ ಯಂತ್ರಗಳು ಕ್ಲಸ್ಟರ್‌ಗೆಂದೇ ಮೀಸಲಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಆದರೆ ಓಡುತ್ತಿರುವ ಕೆಲಸವನ್ನು ಹೆಪ್ಪುಗಟ್ಟಿಸುವ ಸಾಮರ್ಥ್ಯ ಅದರ ಸ್ವಂತದ್ದಲ್ಲ, ಬೇರೆ ಕಡೆಯಿಂದ ತಂದು ಜೋಡಿಸಬೇಕಿತ್ತು.

ಇನ್ನೊಂದು ಕಾಂಡರ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣದಲ್ಲಿ ಮಿರಾನ್ ಲಿವ್ನಿ ಅವರ ತಂಡ 1980ರ ದಶಕದ ಕೊನೆಯಿಂದ ಬೆಳೆಸುತ್ತಿದ್ದ ಇದರ ಹುಟ್ಟೇ ನಮ್ಮಂಥ ಸ್ಥಿತಿಯಿಂದ ಆದದ್ದು: ಜನರ ಮೇಜಿನ ಮೇಲಿರುವ ಯೂನಿಕ್ಸ್ ಯಂತ್ರಗಳು ಹೆಚ್ಚಿನ ಹೊತ್ತು ಖಾಲಿ ಇರುತ್ತವೆ, ಯಜಮಾನ ಇಲ್ಲದಾಗ ಅವನ್ನು ಬಳಸಿಕೊಂಡು, ಯಜಮಾನ ಬಂದ ಕೂಡಲೇ ಬಿಟ್ಟುಕೊಡಬೇಕು. ಕೀಬೋರ್ಡ್ ಹದಿನೈದು ನಿಮಿಷ ಸುಮ್ಮನಿದ್ದರೆ ಕೆಲಸ ಶುರು. ಯಾರಾದರೂ ಮುಟ್ಟಿದರೆ ಕೆಲಸ ಅಲ್ಲೇ ಸ್ತಬ್ಧ. ಹತ್ತು ನಿಮಿಷ ಕಾದರೂ ಅವರು ಏಳದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಯಂತ್ರಕ್ಕೆ. ಇದೇ ಆಗ ಅದರ ಮೂಲ ಏರ್ಪಾಡಾಗಿತ್ತು. ಕೆಲಸವನ್ನೂ ಯಂತ್ರವನ್ನೂ ಅದು ಕೂಡಿಸುವ ರೀತಿ ನಮ್ಮಲ್ಲಿ ಗಂಡು-ಹೆಣ್ಣಿನ ಕಡೆಯವರು ಪತ್ರಿಕೆಯಲ್ಲಿ ಜಾಹೀರಾತು ಕೊಡುವಂತೆಯೇ ಇದೆ. ಯಂತ್ರ ತನ್ನ ಜಾತಿ, ಮೆಮೊರಿ, ಯಾವ ಹೊತ್ತಿನಲ್ಲಿ ಒಪ್ಪಿಗೆ ಎಂಬುದನ್ನು ಬರೆದು ಕಳಿಸುತ್ತದೆ. ಕೆಲಸ ತನಗೆ ಎಂಥ ಯಂತ್ರ ಬೇಕೆಂದು ಬರೆದು ಕಳಿಸುತ್ತದೆ. ನಡುವೆ ಕುಳಿತ ನೆಗೋಷಿಯೇಟರ್ ಎರಡು ಕಡೆಯ ಷರತ್ತುಗಳೂ ಹೊಂದುವ ಜೋಡಿಯನ್ನು ಹುಡುಕುತ್ತದೆ. ಒಂದು ಕಡೆ ಮಾತ್ರ ಒಪ್ಪಿದರೆ ಸಂಬಂಧ ಕೂಡುವುದಿಲ್ಲ. ಯಂತ್ರದ ಯಜಮಾನನಿಗೂ ಮಾತಾಡುವ ಹಕ್ಕಿದೆ ಎಂದು ಒಪ್ಪಿಕೊಂಡ ಈ ನ್ಯಾಯವೇ ನನ್ನನ್ನು ಕಾಂಡರ್ ಕಡೆಗೆ ಒಲಿಸಿತು.

ಆಗಸ್ಟ್ ಮೊದಲ ವಾರದಲ್ಲಿ ಅದರ 6.6 ಆವೃತ್ತಿಯನ್ನು 24 ಯಂತ್ರಗಳಿಗೂ ಹಾಕಿದೆ. ಯಂತ್ರಗಳ ಪಟ್ಟಿ ಕೇಳಿದರೆ ಎಲ್ಲವೂ ಕಾಣಿಸಿದವು, ಆದರೆ ಕೆಲಸ ಕೊಟ್ಟಾಗ ನಾಲ್ಕೇ ಯಂತ್ರಗಳು ಎದ್ದವು. ಉಳಿದ ಇಪ್ಪತ್ತು ಕದಲಲಿಲ್ಲ. ಯಾವ ನಾಲ್ಕು ಎಂದು ನೋಡಿದಾಗ ಉತ್ತರ ಎದುರಿಗೇ ಇತ್ತು. ಪಿವಿಎಂ ಪರೀಕ್ಷಿಸಿದ್ದ ಅದೇ ನಾಲ್ಕು ಯಂತ್ರಗಳು ಅವು. ಉಳಿದ ಇಪ್ಪತ್ತರಲ್ಲಿ ಹೋಸ್ಟ್ಸ್ ಫೈಲಿನ ಆ ಸಾಲು ಹಾಗೆಯೇ ಇತ್ತು, ಪ್ರತಿಯೊಂದೂ ತನ್ನ ಜಾಹೀರಾತಿನಲ್ಲಿ ತನ್ನ ವಿಳಾಸವನ್ನು 127.0.0.1 ಎಂದೇ ಬರೆದುಕೊಂಡಿತ್ತು. ಜೂನ್‌ನಲ್ಲೇ ಎಲ್ಲ ಯಂತ್ರಗಳಲ್ಲೂ ತಿದ್ದಿದ್ದರೆ ಈ ಸಂಜೆ ಉಳಿಯುತ್ತಿತ್ತು. ಜಾಲದ ಯಂತ್ರಗಳ ಮೇಲೆ ಯಾವುದೇ ಕ್ಲಸ್ಟರ್ ಹಾಕುವವರು ಮೊದಲು ಹೆಸರು-ವಿಳಾಸಗಳನ್ನು, ಆಮೇಲೆ ಗಡಿಯಾರಗಳನ್ನು ಸರಿಪಡಿಸಿಕೊಳ್ಳಲಿ. ಗಡಿಯಾರದ ತೊಂದರೆಯೂ ನಮಗೆ ಎದುರಾಗಿತ್ತು: ಒಂದು ಯಂತ್ರ ಏಳು ನಿಮಿಷ ಮುಂದಿದ್ದುದರಿಂದ, ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯಿಂದ ಜಾಲದಲ್ಲಿ ಹಂಚಿಕೊಂಡ ಫೋಲ್ಡರಿನಲ್ಲಿ ಪ್ರೋಗ್ರಾಮ್ ಕಂಪೈಲ್ ಮಾಡುವಾಗ (ಯಂತ್ರದ ಭಾಷೆಗೆ ತರುವಾಗ) ಮೇಕ್ ಆಜ್ಞೆ ಯಾವ ಫೈಲು ಹೊಸದು, ಯಾವುದು ಹಳೆಯದು ಎಂದು ತಿಳಿಯದೆ ಎಚ್ಚರಿಕೆ ಕೊಡುತ್ತಿತ್ತು. ಎಲ್ಲವನ್ನೂ ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ಮೂಲಕ ಲ್ಯಾಬಿನ ಸರ್ವರ್‌ನ ಸಮಯಕ್ಕೆ ಕಟ್ಟಿಹಾಕಿದೆ.

ಮುಖ್ಯಸ್ಥರಿಗೆ ಕೊಟ್ಟ ಮಾತನ್ನು ಸಂರಚನೆಯ ಫೈಲಿನಲ್ಲೇ ಬರೆದೆ. ಕಾಂಡರ್‌ನಲ್ಲಿ ಮಧ್ಯರಾತ್ರಿಯಿಂದ ಎಷ್ಟು ನಿಮಿಷ ಕಳೆದಿವೆ ಎಂದು ಹೇಳುವ ಕ್ಲಾಕ್‌ಮಿನ್ ಎಂಬ ಮೌಲ್ಯವಿದೆ. ಅದು 1080 ದಾಟಿದ್ದರೆ ಅಥವಾ 480ಕ್ಕಿಂತ ಕಡಿಮೆ ಇದ್ದರೆ ಮಾತ್ರ, ಎಂದರೆ ಸಂಜೆ ಆರರಿಂದ ಬೆಳಗಿನ ಎಂಟರವರೆಗೆ ಮಾತ್ರ, ಕೆಲಸ ಶುರುವಾಗಲಿ ಎಂದು ಷರತ್ತು ಹಾಕಿದೆ. ಮೊದಲ ಬೆಳಿಗ್ಗೆ ಎಂಟೂಕಾಲಿಗೆ ಬಂದು ನೋಡಿದರೆ ಕೆಲಸಗಳು ಓಡುತ್ತಲೇ ಇದ್ದವು. ಶುರುವಾಗಲು ಹಾಕಿದ ಷರತ್ತು ಶುರುವಾಗುವುದಕ್ಕಷ್ಟೇ ಅನ್ವಯಿಸುತ್ತದೆ. ಓಡುತ್ತಿರುವುದನ್ನು ಎಬ್ಬಿಸಲು ಪ್ರೀಎಂಪ್ಟ್ ಎಂಬ ಇನ್ನೊಂದು ಸಾಲಿನಲ್ಲೂ ಅದನ್ನೇ ಬರೆಯಬೇಕಿತ್ತು. ಅದನ್ನು ಬರೆದ ಮೇಲೆ ಎಂಟು ಗಂಟೆಗೆ ಯಂತ್ರಗಳು ತೆರವಾಗತೊಡಗಿದವು. ಯಂತ್ರ ಹೊತ್ತಿಕೊಂಡಾಗ ಲಿನಕ್ಸೋ ವಿಂಡೋಸೋ ಎಂದು ಕೇಳುವ ಗ್ರಬ್‌ನಲ್ಲಿ ಮೊದಲ ಆಯ್ಕೆಯನ್ನು ಲಿನಕ್ಸ್‌ಗೆ ಬದಲಾಯಿಸಿ, ಕರೆಂಟ್ ಹೋಗಿ ಬಂದರೆ ಯಂತ್ರ ತಾನಾಗಿ ಹೊತ್ತಿಕೊಳ್ಳುವಂತೆ ಬಯೋಸ್‌ನಲ್ಲಿ ಹೊಂದಿಸಿದೆವು. ಸಂಜೆ ಐದೂವರೆಗೆ ಎಲ್ಲ ಯಂತ್ರಗಳನ್ನೂ ಲಿನಕ್ಸ್‌ಗೆ ತಂದು ಮಾನಿಟರ್‌ಗಳನ್ನು ಆರಿಸುವ ಜವಾಬ್ದಾರಿಯನ್ನು ಅಟೆಂಡರ್ ಅಣ್ಣ ತಾವಾಗಿಯೇ ವಹಿಸಿಕೊಂಡರು. ಅವರ ಆ ಅರ್ಧ ಗಂಟೆಯ ಕೆಲಸವಿಲ್ಲದೆ ಈ ಕ್ಲಸ್ಟರ್ ಒಂದು ರಾತ್ರಿಯೂ ನಡೆಯುತ್ತಿರಲಿಲ್ಲ. ಒಂದು ರಾತ್ರಿಗೆ ಸುಮಾರು 34 ಯೂನಿಟ್ ವಿದ್ಯುತ್ ಖರ್ಚಾಗುತ್ತದೆಂದು ಲೆಕ್ಕ ಬರೆದು ಪ್ರಾಂಶುಪಾಲರ ಸಹಿ ಪಡೆದೆ.

ಸಣ್ಣ ಓಟಗಳಿಗೆ ಹೆಪ್ಪುಗಟ್ಟಿಸುವ ಅಗತ್ಯವಿರಲಿಲ್ಲ. ಮಳೆಯ ದಾಖಲೆಯ ಫೈಲನ್ನು ಪ್ರತಿ ಯಂತ್ರಕ್ಕೂ ಕಾಂಡರ್ ತಾನೇ ಸಾಗಿಸಿ, ಓಟ ಮುಗಿದ ಮೇಲೆ ಫಲಿತಾಂಶದ ಫೈಲನ್ನು ಮರಳಿ ತರುವಂತೆ ಹೇಳಿದೆವು. ಓಪನ್‌ಮೋಸಿಕ್ಸ್‌ನಲ್ಲಿ ನಮ್ಮನ್ನು ಕಾಡಿದ ಓದುವ ಭಾರ ಹೀಗೆ ಇಳಿಯಿತು; ಪ್ರತಿ ಯಂತ್ರವೂ ತನ್ನ ಡಿಸ್ಕಿನಿಂದಲೇ ಓದುತ್ತಿತ್ತು. ಕೆಲಸದ ವಿವರ ಬರೆದು ಕಾಂಡರ್‌ಗೆ ಕೊಡುವ ಸಬ್‌ಮಿಟ್ ಫೈಲಿನ ಕೊನೆಯ ಸಾಲಿನಲ್ಲಿ ಕ್ಯೂ 4000 ಎಂದು ಬರೆದರೆ ಮುಗಿಯಿತು, ಸೊನ್ನೆಯಿಂದ 3999ರವರೆಗೆ ಪ್ರತಿ ಓಟಕ್ಕೂ ಒಂದು ಸಂಖ್ಯೆ, ಒಂದು ಫೋಲ್ಡರ್. ಮೂರು ರಾತ್ರಿ ಎಂದುಕೊಂಡಿದ್ದು ನಾಲ್ಕಾಯಿತು. ಎರಡನೆಯ ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಮೂರು ಗಂಟೆ ಕರೆಂಟಿರಲಿಲ್ಲ. ಯುಪಿಎಸ್ ಇಪ್ಪತ್ತು ನಿಮಿಷ ಕಿರುಚಿ ಆರಿತು. ಕರೆಂಟ್ ಬಂದಾಗ ಯಂತ್ರಗಳು ಎದ್ದು, ಅರ್ಧಕ್ಕೆ ನಿಂತ 24 ಓಟಗಳನ್ನು ಮತ್ತೆ ಸರದಿಯಿಂದ ಎತ್ತಿಕೊಂಡು ಮುಂದುವರಿದವು. ನಾನು ಮನೆಯಲ್ಲಿ ಮಲಗಿದ್ದೆ. ಈ ವಿಷಯ ನನಗೆ ಗೊತ್ತಾದದ್ದು ಬೆಳಿಗ್ಗೆ ಲಾಗ್ ಓದಿದಾಗ.

ಸನ್ ಯಂತ್ರಗಳ ಕಥೆ ಇಲ್ಲಿ ಹೇಳಬೇಕು. ಕಾಂಡರ್ ಅವುಗಳಲ್ಲೂ ಸಲೀಸಾಗಿ ಕೂತಿತ್ತು. ಪರೀಕ್ಷೆಗೆಂದು ಒಂದೇ ಓಟವನ್ನು ಎರಡೂ ಜಾತಿಯ ಯಂತ್ರಗಳಲ್ಲಿ ಓಡಿಸಿ ಫಲಿತಾಂಶಗಳನ್ನು ಹೋಲಿಸಿದಾಗ, ಕೊನೆಯ ಕೆಲವು ದಶಮಾಂಶ ಸ್ಥಾನಗಳಲ್ಲಿ ಅಂಕಿಗಳು ಬೇರೆಯಾಗಿದ್ದವು. ತಪ್ಪು ಯಾರದೂ ಅಲ್ಲ: ಇಂಟೆಲ್‌ನ ಗಣಿತ ಘಟಕ ನಡುವಿನ ಲೆಕ್ಕಗಳನ್ನು 80 ಬಿಟ್‌ಗಳಲ್ಲಿ ಇಟ್ಟುಕೊಂಡು ಕೊನೆಗೆ 64ಕ್ಕೆ ಇಳಿಸುತ್ತಿತ್ತು, ಸನ್ ಯಂತ್ರಗಳ ಪ್ರೊಸೆಸರ್ ಸ್ಪಾರ್ಕ್ ಮೊದಲಿನಿಂದಲೂ 64ರಲ್ಲೇ ನಡೆಸುತ್ತಿತ್ತು. ಸಂಶೋಧನಾ ವಿದ್ಯಾರ್ಥಿನಿ ಬಹಳ ಹೊತ್ತು ಯೋಚಿಸಿ, "ಬೇಡ ಸರ್, ನಾಳೆ ಯಾರಾದ್ರೂ ಕೇಳಿದ್ರೆ ಯಾವ ಉತ್ತರ ಯಾವ ಯಂತ್ರದ್ದು ಅಂತ ನಾನು ಹೇಳೋಕೆ ಬರಬೇಕು" ಎಂದರು. ಅವರ ಮಾತು ಸರಿಯಿತ್ತು. ಇಂಟೆಲ್ ಯಂತ್ರವೇ ಆಗಬೇಕೆಂಬ ಷರತ್ತನ್ನು ಸಬ್‌ಮಿಟ್ ಫೈಲಿಗೆ ಸೇರಿಸಿದೆವು. ಜೂನ್‌ನಲ್ಲಿ ನಾನು ಬಿಡಲೊಲ್ಲದ ನಾಲ್ಕು ಯಂತ್ರಗಳು ಹೀಗೆ ಲೆಕ್ಕದ ಶಿಸ್ತಿಗಾಗಿ ಹೊರಗುಳಿದವು.

ಆರು ದೊಡ್ಡ ಓಟಗಳಿಗೆ ಸೆಪ್ಟೆಂಬರ್ ಬಂತು. ಹೆಪ್ಪುಗಟ್ಟಿಸುವ ಸೌಲಭ್ಯ ಬೇಕಾದರೆ ಪ್ರೋಗ್ರಾಮನ್ನು ಕಾಂಡರ್‌ನ ಸಿದ್ಧ ಸಂಕೇತಗಳ ಗ್ರಂಥಾಲಯದೊಂದಿಗೆ ಮತ್ತೆ ಲಿಂಕ್ ಮಾಡಬೇಕಿತ್ತು. ಕಂಪೈಲ್ ಮಾಡುವ ಆಜ್ಞೆಗೆ ಮೊದಲು ಕಾಂಡರ್_ಕಂಪೈಲ್ ಎಂದು ಸೇರಿಸಿದರೆ ಸಾಕಿತ್ತು. ಜೊತೆಗೆ ಕೆಲವು ನಿಷೇಧಗಳಿದ್ದವು: ಪ್ರೋಗ್ರಾಮ್ ಬೇರೆ ಪ್ರೋಸೆಸ್ಸನ್ನು ಹುಟ್ಟಿಸುವಂತಿರಲಿಲ್ಲ, ಥ್ರೆಡ್‌ಗಳನ್ನು (ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಎಳೆಗಳನ್ನು) ಬಳಸುವಂತಿರಲಿಲ್ಲ. ಮೊದಲ ಪ್ರಯತ್ನ ನಾಲ್ಕೇ ನಿಮಿಷಗಳಲ್ಲಿ ಬಿದ್ದುಹೋಯಿತು. ಇಬ್ಬರೂ ಕುಳಿತು ಎರಡು ಸಾವಿರ ಸಾಲುಗಳಲ್ಲಿ ಹುಡುಕಿದೆವು. ಹಿಂದೆ ಯಾರೋ ಬರೆದಿದ್ದ ಒಂದು ಸಬ್‌ರೂಟೀನಿನೊಳಗೆ, ಹರಿವಿನ ಅಂಕಿಗಳನ್ನು ಕ್ರಮವಾಗಿ ಜೋಡಿಸಲು ಕಾಲ್ ಸಿಸ್ಟಮ್ ಎಂದು ಯೂನಿಕ್ಸ್‌ನ ಸಾರ್ಟ್ ಆಜ್ಞೆಯನ್ನು ಕರೆದಿದ್ದ, ಅಂದರೆ ಬೇರೆ ಪ್ರೋಸೆಸ್ ಹುಟ್ಟಿಸುತ್ತಿದ್ದ, ಸಾಲು ಸಿಕ್ಕಿತು. ಹದಿನೆಂಟು ಸಾಲುಗಳ ಒಂದು ವಿಂಗಡಣೆಯ ಸಬ್‌ರೂಟೀನನ್ನು ಅವರೇ ಫೋರ್ಟ್ರಾನ್‌ನಲ್ಲಿ ಬರೆದು ಆ ಸಾಲಿನ ಜಾಗಕ್ಕೆ ಹಾಕಿದರು. ಇನ್ನೊಂದು ವಿಷಯವನ್ನೂ ನೋಡಿಕೊಳ್ಳಬೇಕಿತ್ತು: ಹೀಗೆ ಲಿಂಕ್ ಮಾಡಿದ ಕೆಲಸ ಎಲ್ಲೇ ಓಡಿದರೂ ಅದರ ಫೈಲು ಓದುವ ಕರೆಗಳೆಲ್ಲ ಕೆಲಸ ಕೊಟ್ಟ ಯಂತ್ರಕ್ಕೇ ಮರಳಿ ಬರುತ್ತಿದ್ದವು, ಓಪನ್‌ಮೋಸಿಕ್ಸ್‌ನ ತವರಿನಂತೆಯೇ. ಆದ್ದರಿಂದ ಮಳೆಯ ದಾಖಲೆಯನ್ನು ಆರಂಭದಲ್ಲಿ ಒಮ್ಮೆ ಮಾತ್ರ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುವಂತೆ ಪ್ರೋಗ್ರಾಮನ್ನು ಬದಲಾಯಿಸಿದೆವು. ಅಂದು ತೊಡಕಾಗಿ ಕಂಡದ್ದನ್ನು ಇಂದು ಆರೇ ಕೆಲಸಗಳೆಂಬ ಕಾರಣಕ್ಕೆ, ಒಮ್ಮೆಯೇ ಓದುವುದೆಂಬ ಕಾರಣಕ್ಕೆ ಒಪ್ಪಿಕೊಂಡೆವು.

ಸೋಮವಾರ ಸಂಜೆ ಆರು ಗಂಟೆಗೆ ಆರೂ ಕೆಲಸಗಳು ಹೊರಟವು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಸ್ವಲ್ಪ ಮುಂಚೆಯೇ ಹೋಗಿ ಸ್ವಿಚ್‌ನ ಮುಂದೆ ನಿಂತೆ. ಎಂಟಾಗುತ್ತಿದ್ದಂತೆ ಆರು ದೀಪಗಳು ಒಂದೇ ಸಮನೆ ಮಿನುಗತೊಡಗಿದವು, ಸರ್ವರ್‌ನ ದೀಪವಂತೂ ನಿಂತೇ ಹೊತ್ತಿತ್ತು. ತಲಾ ಸುಮಾರು 60 ಎಂಬಿಯ ಆರು ಪ್ರೋಸೆಸ್‌ಗಳ ಪೂರ್ಣ ಚಿತ್ರ, ಅವುಗಳ ಮೆಮೊರಿಯ ಒಂದೊಂದು ಬೈಟೂ, ಸರ್ವರ್‌ಗೆ ಬಂದು ಸೇರುತ್ತಿತ್ತು. ಅರ್ಧ ನಿಮಿಷ ದಾಟುವುದರೊಳಗೆ ದೀಪಗಳು ಶಾಂತವಾದವು. ಒಂಬತ್ತಕ್ಕೆ ಮೂರನೆಯ ಸೆಮಿಸ್ಟರಿನ ಹುಡುಗರು ಬಂದು ಎಂದಿನಂತೆ ರೀಸೆಟ್ ಒತ್ತಿ ವಿಂಡೋಸ್‌ಗೆ ಹೋದರು.

ಗುರುವಾರ ರಾತ್ರಿಯ ಹೊತ್ತಿಗೆ ಆರೂ ಮುಗಿಯಬಹುದೆಂದು ಅಂದಾಜಿತ್ತು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಸಂಶೋಧನಾ ವಿದ್ಯಾರ್ಥಿನಿ ಆಗಲೇ ಲ್ಯಾಬಿನ ಬಾಗಿಲಲ್ಲಿ ಕಾಯುತ್ತಿದ್ದರು. ಆರನೆಯ ಕೆಲಸದ ಲಾಗ್ ತೆರೆದು ಇಬ್ಬರೂ ಮೇಲಿನಿಂದ ಓದುತ್ತ ಬಂದೆವು. ಪ್ರತಿ ಸಾಲಿನ ಆರಂಭದಲ್ಲಿ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ: 000 ಎಂದರೆ ಕೆಲಸ ಸಲ್ಲಿಕೆಯಾಯಿತು, 001 ಎಂದರೆ ಒಂದು ಯಂತ್ರದಲ್ಲಿ ಶುರುವಾಯಿತು, 003 ಎಂದರೆ ಹೆಪ್ಪುಗಟ್ಟಿಸಿ ಉಳಿಸಿತು, 004 ಎಂದರೆ ಯಂತ್ರ ಬಿಟ್ಟು ಎದ್ದಿತು. ಸೋಮವಾರ ಏಳನೆಯ ಯಂತ್ರದಲ್ಲಿ 001. ಮಂಗಳವಾರ ಬೆಳಿಗ್ಗೆ 003, 004. ಸಂಜೆ ಹತ್ತೊಂಬತ್ತನೆಯ ಯಂತ್ರದಲ್ಲಿ ಮತ್ತೆ 001. ಬುಧವಾರ ರಾತ್ರಿ ಯಾರೋ ಅಧ್ಯಾಪಕರು ತಡವಾಗಿ ಬಂದು ಆಗ ಕೆಲಸ ಓಡುತ್ತಿದ್ದ ಯಂತ್ರದ ಕೀಬೋರ್ಡ್ ಮುಟ್ಟಿದ್ದರು, ಹತ್ತು ನಿಮಿಷ ಕಾದು ಕೆಲಸ ಎದ್ದು ಮೂರನೆಯ ಯಂತ್ರಕ್ಕೆ ಹೋಗಿತ್ತು. ಹೀಗೆ ಐದು ಯಂತ್ರಗಳನ್ನು ಸುತ್ತಿ ಬಂದ ಮೇಲೆ, ಶುಕ್ರವಾರ ನಸುಕಿನ 4 ಗಂಟೆ 12 ನಿಮಿಷಕ್ಕೆ, ಕೊನೆಯ ಸಾಲಿನಲ್ಲಿ 005 ಇತ್ತು: ಕೆಲಸ ಸಹಜವಾಗಿ ಮುಗಿದಿದೆ, ಮರಳಿಸಿದ ಮೌಲ್ಯ ಸೊನ್ನೆ. ಅವರು ಫಲಿತಾಂಶದ ಫೈಲನ್ನು ತೆರೆದು, ಹೊಳೆಯ ಅಳತೆಯ ದಾಖಲೆಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಜುಲೈ ತಿಂಗಳ ಅಂಕಿಗಳಿಂದ ಹೋಲಿಸತೊಡಗಿದರು.